ಬಾಗಿಲುವಾಡದೊಳಗೆ ಮುರಿದು ಕೂತ ಏಳು ಸ್ಕ್ರೂ

ನಮ್ಮತ್ತೆಗೆ ಮಂಡಿ ಆಪರೇಷನ್ ಆಗಿ ಎರಡು ತಿಂಗಳಾಯ್ತು ಅಂತ ನಿಮಗೆಲ್ಲ ಗೊತ್ತೇ ಇದೆ, ಬಂದು ನೋಡ್ಕೊಂಡೂ ಹೋದ್ರಿ. (ಸೇಬು ಇನ್ನೂ ಮುಗಿದಿಲ್ಲ ಕಣ್ರೇ, ಮುಂದಿನ ಸಲ ಬರೋರು ಬರಿಗೈಲೇ ಬನ್ನಿ.) ಮನೆಯೊಳಗೆ ವಾಕರ್ ಹಿಡ್ಕೊಂಡು ಚೆನ್ನಾಗೇ ಓಡಾಡ್ತಾರೆ. ದಾಟಕ್ಕಾಗದೇ ಇರೋದು ಮುಂಬಾಗಿಲ ಹೊಸ್ತಿಲು ಒಂದೇ. ನಾಲ್ಕಿಂಚು ಎತ್ತರದ ಹೊಸ್ತಿಲು, ಅದರಾಚೆ ಒಂದು ಮೆಟ್ಟಿಲು. 1991ರಲ್ಲಿ ಈ ಮನೆ ಗೃಹಪ್ರವೇಶ ಆದಾಗಿನಿಂದ ದಿನಾ ಬೆಳಗ್ಗೆ ಆ ಹೊಸ್ತಿಲು ತೊಳೆದು, ಅರಿಶಿನ ಕುಂಕುಮ ಇಟ್ಟು, ಎಳೆ ಬಿಟ್ಟೋರು ಅವರೇ. ನಾನು ಸೊಸೆಯಾಗಿ ಬಂದ ಮೇಲೂ ಆ ಕೆಲಸ ನನಗೆ ಬಿಟ್ಟುಕೊಟ್ಟಿರಲಿಲ್ಲ. ಈಗ ಒಳಗಡೆ ಕುರ್ಚಿ ಹಾಕ್ಕೊಂಡು ಕೂತು, "ಎಡಗಡೆ ಎಳೆ ಸೊಟ್ಟಗಾಯ್ತು" ಅಂತ ನನ್ನ ಕೈಲಿ ಮಾಡಿಸ್ತಾರೆ. ಮಾಡಿಸೋದ್ರಲ್ಲಿ ಅವರಿಗೂ ಸಮಾಧಾನ ಇಲ್ಲ, ಮಾಡೋದ್ರಲ್ಲಿ ನನಗೂ ಇಲ್ಲ.

ಫಿಸಿಯೋದವರು ಸುಲಭದ ಉಪಾಯ ಹೇಳಿದ್ರು. ಬಾಗಿಲುವಾಡಕ್ಕೆ ಅತ್ತೆಯ ಮೊಣಕೈ ಎತ್ತರಕ್ಕೆ ಸರಿಯಾಗಿ ಒಂದು ಸ್ಟೀಲ್ ಹಿಡಿ ನೆಟ್ಟಗೆ ಹಾಕಿಸಿ, ಅದನ್ನ ಹಿಡ್ಕೊಂಡು ದಾಟ್ತಾರೆ ಅಂತ. ಹಿಡಿ ತಂದೆ. ಬಡಗಿ ಬಂದ. ಡ್ರಿಲ್ ಇಟ್ಟ ತಕ್ಷಣ ಕರ್ರ್ ಅಂತ ಸದ್ದು, ಬಿಟ್ ಜಾರಿ ಪಾಲಿಶ್ ಮೇಲೆಲ್ಲ ಗೀರು. ಒಳಗೆ ಮುರಿದ ಸ್ಕ್ರೂ ಇತ್ತು. ಎರಡು ಬೆರಳು ಕೆಳಗೆ ಇನ್ನೊಂದು. ಪುಟ್ಟಿ ಕೆರೆದು ಕೆರೆದು ನೋಡಿದ್ರೆ ಬಲಗಡೆ ನಿಲುವಿನಲ್ಲೇ ಏಳು! ತಲೆ ಹಾರಿಹೋಗಿ, ಬರೀ ಮೈ ಮರದೊಳಗೆ ಕೂತಿವೆ. ಬಡಗಿ ಡ್ರಿಲ್ ಸುತ್ತಿ ಬ್ಯಾಗಿಗೆ ಹಾಕ್ಕೊಂಡ. "ಆಂಟಿ, ಇದು ಆಗೋ ಕೆಲಸ ಅಲ್ಲ. ಚೌಕಟ್ಟೇ ಬದಲಾಯಿಸಿಬಿಡಿ, ಈಗೆಲ್ಲ ಪ್ಲಾಸ್ಟಿಕ್ ಬೆರೆಸಿದ ಚೌಕಟ್ಟು ಬಂದಿದೆ, ಗೆದ್ದಲೂ ಹಿಡಿಯಲ್ಲ" ಅಂದ.

ಚೌಕಟ್ಟು ಬದಲಾಯಿಸೋದು ಅಂದ್ರೆ ಅಕ್ಕಪಕ್ಕದ ಗೋಡೆ ಒಡೀಬೇಕು, ಹೊಸ್ತಿಲು ಕಿತ್ತು ಹಾಕಬೇಕು. ಬಾಗಿಲು ನಿಲ್ಲಿಸೋ ಪೂಜೆ ದಿನ ಆ ಹೊಸ್ತಿಲ ಕೆಳಗೆ ನವಧಾನ್ಯ, ನವರತ್ನದ ಪುಡಿಹರಳು, ಒಂದು ಬೆಳ್ಳಿ ಚೂರು ಇಟ್ಟಿದ್ದು ನಮ್ಮತ್ತೆ ಕೈಯಾರೆ. ನಮ್ಮಾವ ಪಕ್ಕದಲ್ಲಿ ನಿಂತು ಹಾಲು ಹುಯ್ದಿದ್ರಂತೆ. ಬಡಗಿ ಮಾತು ಅತ್ತೆ ಕಿವಿಗೆ ಬಿತ್ತು. ಏನೂ ಅನ್ನಲಿಲ್ಲ. ಟೀವಿ ಕಡೆ ಮುಖ ತಿರುಗಿಸಿ ಕೂತರು. ಟೀವಿ ಹಾಕೇ ಇರಲಿಲ್ಲ.

ಬಡಗಿಗೆ ಕಾಫಿ ಕೊಟ್ಟು ಕಳಿಸಿದೆ. ಆ ಏಳು ಸ್ಕ್ರೂ ನಾನೇ ತೆಗೀತೀನಿ ಅಂತ ಹಠ ಬಂತು. ಎರಡು ವಾರ ಹಿಡೀತು. ಆ ಎರಡು ವಾರದಲ್ಲಿ ಕೈಗೆ ಹತ್ತಿದ ಕೆಲಸಕ್ಕಿಂತ ತಲೆಗೆ ಹತ್ತಿದ ಕಥೆ ಜಾಸ್ತಿ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಸ್ಕ್ರೂಗೆ ನಮ್ಮ ಮಾತಲ್ಲಿ ತಿರುಪು ಅಂತೀವಿ. ಈಗ ಆ ಪದ ಉಳಿದಿರೋದು ನಮ್ಮ ಕಿವೀಲಿ. ಓಲೆ ತಿರುಪು. ಅದು ಕಳೆದುಹೋಗಿ ಬಚ್ಚಲ ಮನೇಲಿ ಮಂಡಿಯೂರಿ ಹುಡುಕದೇ ಇರೋ ಹೆಂಗಸು ನಮ್ಮ ನೆಂಟರಲ್ಲಿ ಯಾರಿದ್ದೀರಾ? ವರ್ಷಗಟ್ಟಲೆ ತೆಗೆಯದೆ ಬಿಟ್ಟ ಓಲೆ ತಿರುಪು ಸೋಪಿನ ಜಿಡ್ಡು ಕಟ್ಟಿ ಅಲ್ಲಾಡೋದೇ ಇಲ್ಲ. ಬಲವಂತ ಮಾಡಿದ್ರೆ ಕಡ್ಡಿ ಮುರಿಯುತ್ತೆ. ಒಂದು ತೊಟ್ಟು ಎಣ್ಣೆ ಬಿಟ್ಟು, ಸ್ವಲ್ಪ ಕಾದು, ಮೊದಲು ಬಿಗಿ ಮಾಡೋ ಕಡೆಗೇ ಚೂರು ತಿರುಗಿಸಿ, ಆಮೇಲೆ ಸಡಿಲ ಮಾಡೋ ಕಡೆಗೆ ತಿರುಗಿಸಿದ್ರೆ ಬರುತ್ತೆ. ನನಗೆ ಇದನ್ನ ಕಲಿಸಿದ್ದು ನಮ್ಮಜ್ಜಿ. ಬಾಗಿಲುವಾಡದ ಕೆಲಸಕ್ಕೂ ಇದಕ್ಕಿಂತ ದೊಡ್ಡ ವಿದ್ಯೆ ಏನಿಲ್ಲ ಅಂತ ಆಮೇಲೆ ಗೊತ್ತಾಯ್ತು.

ನಮ್ಮಜ್ಜಿ ಮನೆ ಬಾಗಿಲಿಗೆ ಮಾತ್ರ ಒಂದು ತಿರುಪೂ ಇರಲಿಲ್ಲ. ಬಿಜಾಗರಿ ಅನ್ನೋದೇ ಇರಲಿಲ್ಲ. ಹಳೇ ತೊಟ್ಟಿಮನೆ ಬಾಗಿಲು ನೆನಪು ಮಾಡ್ಕೊಳ್ಳಿ. ಕದದ ಒಂದು ಅಂಚಿನ ಮೇಲೂ ಕೆಳಗೂ ಅದೇ ಮರದಲ್ಲಿ ಕೆತ್ತಿದ ಗುಂಡನೆ ಮೂತಿ ಇರ್ತಿತ್ತು. ಮೇಲಿನದು ತಲೆಬಾಗಿಲ ಒಳಗಡೆ ತೂತಿಗೆ, ಕೆಳಗಿನದು ಹೊಸ್ತಿಲ ಪಕ್ಕದ ಕುಳಿಗೆ. ಕದ ಅದರ ಮೇಲೇ ತಿರುಗ್ತಿತ್ತು. ಅದಕ್ಕೇ ಆ ಬಾಗಿಲು ತೆಗೆದ್ರೆ ಬೀದಿಗೆಲ್ಲ ಕೇಳೋ ಹಾಗೆ ಕಿರ್ರ್ ಅನ್ನೋದು, ಅಜ್ಜಿ ಹರಳೆಣ್ಣೆ ಬಿಡೋದು. ಹಂಪಿಗೆ ಹೋದಾಗ ಕಲ್ಲಿನ ಬಾಗಿಲುವಾಡಗಳನ್ನ ಬಗ್ಗಿ ನೋಡಿ, ಮೇಲೂ ಕೆಳಗೂ ಆ ಗುಂಡು ಕುಳಿ ಹಾಗೇ ಇದೆ. ಮರದ ಕದ ಹೋಗಿ ನಾನ್ನೂರೈವತ್ತು ವರ್ಷ ಆಯ್ತು, ಅದು ತಿರುಗ್ತಿದ್ದ ಜಾಗ ಉಳ್ಕೊಂಡಿದೆ. ಚೌಕಟ್ಟಿನ ನಾಲ್ಕು ಮೂಲೆಗೂ ಮೊಳೆ ಇಲ್ಲ. ಒಂದು ಮರಕ್ಕೆ ಕಚ್ಚು, ಇನ್ನೊಂದಕ್ಕೆ ನಾಲಿಗೆ, ಎರಡನ್ನೂ ಕೂಡಿಸಿ ಅಡ್ಡ ತೂತಿಗೆ ಬಿದಿರಿನ ಅಥವಾ ಗಟ್ಟಿ ಮರದ ಗೂಟ. ರಿಪೇರಿ ಬಂದ್ರೆ ಗೂಟ ಹೊಡೆದು ಹೊರಗೆ ಹಾಕಿ, ಮರ ಬಿಚ್ಚಿ, ಸರಿಮಾಡಿ, ಹೊಸ ಗೂಟ ಹಾಕೋದು. ಮುರಿದು ಒಳಗೆ ಕೂತ್ಕೊಳ್ಳೋ ವಸ್ತುವೇ ಅದರಲ್ಲಿ ಇರಲಿಲ್ಲ.

ಹಾಗಂತ ಹಳೇ ಕಾಲ ಚಿನ್ನ ಅಂತ ನಾನು ಹೇಳಲ್ಲ. ಆ ಕದ ಎಷ್ಟು ಭಾರ! ಸೊಸೆಯಂದಿರ ಸೊಂಟ ಮುರೀತಿತ್ತು. ಬಾಗಿಲು ಗಿಡ್ಡ, ಹೊಸ್ತಿಲು ಮೊಣಕಾಲುದ್ದ. ನಮ್ಮತ್ತೆ ಆ ಮನೇಲಿ ಇದ್ದಿದ್ರೆ ಹಿಡಿ ಹಾಕಿದ್ರೂ ದಾಟ್ತಿರಲಿಲ್ಲ.

ತೆಳುವಾದ ಎತ್ತರದ ಬಾಗಿಲು, ಪಕ್ಕಕ್ಕೆ ಬಿಜಾಗರಿ, ಬಿಜಾಗರಿಗೆ ತಿರುಪು, ಇದು ನಮ್ಮ ಕಡೆಗೆ ಬಂದಿದ್ದು ದಂಡಿನ ಜೊತೆ. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯ ಎತ್ತಿಕೊಂಡು ಬಂದು ಹಲಸೂರಿನ ಪಕ್ಕ ಇಳಿಸಿದ್ರು. ಅದೇ ಕಂಟೋನ್ಮೆಂಟ್, ನಮ್ಮಜ್ಜಿಯರ ಬಾಯಲ್ಲಿ ದಂಡು. ಅಲ್ಲಿ ಕಟ್ಟಿದ ಬಂಗಲೆಗಳಿಗೆ ಎತ್ತರದ ಜೋಡಿ ಬಾಗಿಲು, ಗಾಜು, ಬಿಜಾಗರಿ. 1864ರಲ್ಲಿ ಜೋಲಾರ್‌ಪೇಟೆ ಕಡೆಯಿಂದ ಕಂಟೋನ್ಮೆಂಟಿಗೆ ರೈಲು ಬಂತು, ಮದ್ರಾಸ್ ಬಂದರಿಗೆ ಇಳಿದ ಕಬ್ಬಿಣದ ಸಾಮಾನು ಇಲ್ಲಿಗೆ ಬರೋದು ಸಲೀಸಾಯ್ತು. ಈಗಲೂ ಶಿವಾಜಿನಗರದ ಗುಜರಿ ಕಡೆ ಹೋದ್ರೆ ಒಡೆದ ಮನೆಗಳ ಬಾಗಿಲು, ಬಿಜಾಗರಿ ಸಿಗುತ್ತೆ. ನಾನು ಹಳೇ ಬಾಗಿಲುಗಳನ್ನ ಅಲ್ಲಿ ಮುಟ್ಟಿ ಮುಟ್ಟಿ ನೋಡ್ತಾ ನಿಂತಿದ್ದಕ್ಕೆ ಅಂಗಡಿಯವರು ಕುರ್ಚಿ ಹಾಕಿಕೊಟ್ಟರು.

ಆ ತಿರುಪು ಎಲ್ಲಿ ಹುಟ್ಟಿತು ಅಂತ ಹುಡುಕಿದ್ರೆ ಕಥೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಕ್ಕೆ ಹೋಗುತ್ತೆ. ಮೊದಲು ಅಲ್ಲಿ ತಿರುಪು ಅಂದ್ರೆ ಮನೆಗೆಲಸ. ಕಮ್ಮಾರ ಕಡ್ಡಿ ಬಡಿದುಕೊಟ್ಟರೆ ಮನೇಲಿ ಕೂತು ಅರದಿಂದ ಒಂದೊಂದೇ ಸುತ್ತು ಉಜ್ಜಬೇಕು, ನಮ್ಮಲ್ಲಿ ಬೀಡಿ ಕಟ್ಟೋ ಹಾಗೆ, ಊದುಬತ್ತಿ ಹೊಸೆಯೋ ಹಾಗೆ. ಒಂದು ತಿರುಪಿಗೆ ಎಷ್ಟೋ ನಿಮಿಷ. ಅದಕ್ಕೇ ಅದು ಬಲು ದುಬಾರಿ ವಸ್ತು, ಎಲ್ಲ ಕಡೆ ಮೊಳೆಯೇ. 1760ರಲ್ಲಿ ಜಾಬ್ ವ್ಯಾಟ್, ವಿಲಿಯಂ ವ್ಯಾಟ್ ಅನ್ನೋ ಅಣ್ಣತಮ್ಮಂದಿರು ಯಂತ್ರದಲ್ಲಿ ತಿರುಪು ಕೊರೆಯೋದಕ್ಕೆ ಪೇಟೆಂಟ್ ತಗೊಂಡ್ರು. ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳೀತು.

ಇಷ್ಟಾದ್ರೂ ಆ ಕಾಲದ ತಿರುಪಿಗೆ ಮೂತಿ ಮೊಂಡು. ನಮ್ಮ ಓಲೆ ಕಡ್ಡಿ ತರಹವೇ ತುದಿ ಚಪ್ಪಟೆ. ಬಡಗಿ ಮೊದಲು ಅದರ ಉದ್ದಕ್ಕೂ ತೂತು ಕೊರೆದುಕೊಂಡು ಆಮೇಲೆ ತಿರುಗಿಸಲೇಬೇಕು. ಸೋಮಾರಿತನಕ್ಕೆ ಅವಕಾಶವೇ ಇಲ್ಲ. 1846ರಲ್ಲಿ ಅಮೆರಿಕದ ಥಾಮಸ್ ಸ್ಲೋನ್ ಅನ್ನೋನು ಚೂಪು ಮೂತಿಯ ತಿರುಪು ಮಾಡಿ ಪೇಟೆಂಟ್ ಪಡೆದ. ಅದರ ಹಕ್ಕನ್ನ 1854ರಲ್ಲಿ ಬರ್ಮಿಂಗ್‌ಹ್ಯಾಮ್‌ನ ನೆಟ್ಲ್‌ಫೋಲ್ಡ್ ಕೊಂಡುಕೊಂಡ. ಅಷ್ಟೊಂದು ದುಡ್ಡು ಒಬ್ಬನ ಹತ್ತಿರ ಇರಲಿಲ್ಲ, ಭಾವಮೈದ ಚೇಂಬರ್ಲಿನ್ ಪಾಲು ಹಾಕಿದ. ಹಾಕಿದ ದುಡ್ಡು ನೋಡ್ಕೊಳ್ಳೋಕೆ ಅಂತ ಹದಿನೆಂಟು ವರ್ಷದ ಮಗ ಜೋಸೆಫನನ್ನ ಕಳಿಸಿದ. ಆ ಹುಡುಗ ತಿರುಪು ಮಾರಿ ಶ್ರೀಮಂತನಾಗಿ, ಬರ್ಮಿಂಗ್‌ಹ್ಯಾಮಿನ ಮೇಯರ್ ಆಗಿ, ಕಡೆಗೆ ಬ್ರಿಟನ್ನಿನ ದೊಡ್ಡ ಮಂತ್ರಿ ಆದ. ಅವನ ಮಗ ನೆವಿಲ್ ಚೇಂಬರ್ಲಿನ್, ಕೊಡೆ ಹಿಡ್ಕೊಂಡು ಹಿಟ್ಲರನ ಹತ್ತಿರ ಸಂಧಾನಕ್ಕೆ ಹೋದ ಪ್ರಧಾನಿ, ಶಾಲೆ ಪುಸ್ತಕದಲ್ಲಿ ಇದ್ದಾನಲ್ಲ, ಅವನೇ. ನೋಡಿ, ತಿರುಪಿನ ದುಡ್ಡು ಎಲ್ಲಿಗೆ ತಗೊಂಡೋಯ್ತು.

ಆ ಕಾರ್ಖಾನೆಗಳಲ್ಲಿ ಯಂತ್ರದ ಮುಂದೆ ನಿಂತವರು ಬಹುಪಾಲು ಹೆಂಗಸರು, ಹುಡುಗಿಯರು. ಎಣ್ಣೆ, ಕಬ್ಬಿಣದ ಪುಡಿ, ಇಡೀ ದಿನ ಅದೇ ಕೆಲಸ. ನನಗೆ ಈ ವಿಷಯ ಗೊತ್ತಾದಾಗ ಒಂಥರಾ ಆಯ್ತು. ನಮ್ಮ ಮನೆಗಳಲ್ಲಿ ಸ್ಕ್ರೂಡ್ರೈವರ್ ಮುಟ್ಟಿದ್ರೆ "ನಿನಗ್ಯಾಕೆ, ಬಿಡು" ಅಂತ ಕಿತ್ಕೋತಾರೆ. ಲೋಕಕ್ಕೆಲ್ಲ ಸ್ಕ್ರೂ ಮಾಡಿ ಕಳಿಸಿದ ಕೈಗಳು ಮಾತ್ರ ಹೆಣ್ಣು ಕೈಗಳೇ.

ಚೂಪು ಮೂತಿಯಿಂದ ಅನುಕೂಲ ಆಯ್ತು, ತಾನೇ ದಾರಿ ಮಾಡ್ಕೊಂಡು ಹೋಗುತ್ತೆ. ಕೇಡೂ ಅಲ್ಲಿಂದಲೇ ಶುರು. ತೂತು ಕೊರೆಯದೆ ಹಾಗೇ ತಿರುಗಿಸಿಬಿಡೋ ಚಟ. ಮೆತ್ತನೆ ಮರಕ್ಕೆ ನಡೆಯುತ್ತೆ. ನಮ್ಮ ಹೊನ್ನೆ, ತೇಗ, ಮತ್ತಿ ಅಂಥ ಮರಕ್ಕೆ ನಡೆಯಲ್ಲ. ಅರ್ಧ ಹೋಗಿ ಬಿಗಿಯಾಗುತ್ತೆ, ಇನ್ನೂ ಒತ್ತಿ ತಿರುಗಿಸಿದ್ರೆ ಕುತ್ತಿಗೆ ತಿರುಚಿ ಮುರಿಯುತ್ತೆ.

ಆಮೇಲೆ ತಲೆಯ ಕಥೆ. ಮೊದಲಿನವಕ್ಕೆ ಒಂದೇ ಗೆರೆ. ಕೂಡು ಗುರುತಿನ ತಲೆ ಬಂದಿದ್ದು 1936ರಲ್ಲಿ, ಅಮೆರಿಕದ ಹೆನ್ರಿ ಫಿಲಿಪ್ಸ್ ಹೆಸರಲ್ಲಿ. ಕಾರ್ ಕಾರ್ಖಾನೆಗಳಲ್ಲಿ ಬೇಗ ಬೇಗ ಹಾಕೋದಕ್ಕೆ ಅದು ಹೇಳಿ ಮಾಡಿಸಿದ್ದು, ಮೆಷಿನ್ ತುದಿ ತಾನೇ ಮಧ್ಯಕ್ಕೆ ಬಂದು ಕೂರುತ್ತೆ. ಆದ್ರೆ ತೆಗೆಯೋಕೆ ಹೋದಾಗ ತುದಿ ಮೇಲಕ್ಕೆ ಜಾರುತ್ತೆ, ನಾಲ್ಕು ಸಲ ಜಾರಿದ್ರೆ ತಲೆ ಸವೆದು ಬಟ್ಟಲಾಗುತ್ತೆ. ಹಾಕೋರ ಸುಖ ನೋಡಿದ್ರು, ತೆಗೆಯೋರ ಕಷ್ಟ ಯಾರೂ ನೋಡಲಿಲ್ಲ. ಅಡುಗೆಮನೆ ಡಿಸೈನ್ ಮಾಡೋರ ತರಹ.

ಈಗ ನಮ್ಮನೆಗೆ ಬರೋಣ. ಕಲ್ಯಾಣ ನಗರದ ಈ ಬಡಾವಣೆ ಹೆಸರು ಎಚ್‌ಆರ್‌ಬಿಆರ್, ಅಂದ್ರೆ ಹೆಣ್ಣೂರು ರಸ್ತೆ–ಬಾಣಸವಾಡಿ ರಸ್ತೆ. ಎರಡು ಹಳ್ಳಿ ದಾರಿಗಳ ಹೆಸರನ್ನ ನಾಲ್ಕು ಇಂಗ್ಲಿಷ್ ಅಕ್ಷರ ಮಾಡಿ ಇಟ್ಟಿದ್ದಾರೆ, ಅರ್ಧ ಜನಕ್ಕೆ ಅದೇ ಗೊತ್ತಿಲ್ಲ. ಅತ್ತೆ ಮಾವ ಬಂದಾಗ ರಿಂಗ್ ರೋಡ್ ಇರಲಿಲ್ಲ, ತರಕಾರಿಗೆ ಕಮ್ಮನಹಳ್ಳಿಗೇ ನಡೀಬೇಕಿತ್ತಂತೆ. ಮಾವ ಬೈಯಪ್ಪನಹಳ್ಳಿ ಎನ್‌ಜಿಇಎಫ್‌ನಲ್ಲಿ ಫಿಟ್ಟರ್. ಆ ಕಡೆ ಎಚ್‌ಎಎಲ್, ಈ ಕಡೆ ದೂರವಾಣಿನಗರದಲ್ಲಿ ಐಟಿಐ, ಮಧ್ಯೆ ಎನ್‌ಜಿಇಎಫ್. ಬೆಂಗಳೂರಿನ ಪೂರ್ವಕ್ಕೆ ಮನೆ ಕಟ್ಟಿದೋರಲ್ಲಿ ಎಷ್ಟೋ ಜನ ಈ ಕಾರ್ಖಾನೆಗಳೋರೇ. ಮನೆ ಕಟ್ಟುವಾಗ ಮೇಸ್ತ್ರಿ ಹಿಂದೆ ನಿಂತು ಅಳತೆಪಟ್ಟಿ ಹಿಡಿದು ತಲೆ ತಿಂತಿದ್ರಂತೆ. ನಮ್ಮಾವ ಬಾಗಿಲಿಗೆ ಬಿಜಾಗರಿ ಕೂರಿಸಕ್ಕೆ ಬಡಗಿಗೆ ಬಿಡಲೇ ಇಲ್ಲ ಅಂತ ಅತ್ತೆ ಈಗಲೂ ನಗ್ತಾರೆ.

ಮಾವನ ಸ್ಕ್ರೂ ಡಬ್ಬಿ ಅಟ್ಟದ ಮೇಲಿತ್ತು. ಹಳೇ ಬೋರ್ನ್‌ವಿಟಾ ಡಬ್ಬಿ. ಒಳಗೆ ಒಂದು ಗೆರೆಯ ಸ್ಕ್ರೂಗಳು, ಕಾಗದದ ಪೆಟ್ಟಿಗೆಯ ಒಂದು ಹರಿದ ತುಂಡು, ಅರ್ಧ ಉರಿದ ಮೇಣದ ಬತ್ತಿ. ಕರೆಂಟ್ ಹೋದಾಗ ಅಂತ ಇಟ್ಟಿರಬೇಕು ಅಂದ್ಕೊಂಡೆ. ಅತ್ತೆ ಹೇಳಿದ್ರು: "ಅಲ್ಲ ಕಣೆ, ಹಾಕೋ ಮುಂಚೆ ಒಂದೊಂದು ಸ್ಕ್ರೂನೂ ಮೇಣಕ್ಕೆ ಉಜ್ಜೋರು. ನಾನು ಬತ್ತಿ ಹಿಡ್ಕೊಂಡು ನಿಂತಿರ್ತಿದ್ದೆ."

ಅಲ್ಲಿಗೆ ನನಗೆ ಒಂದು ಯೋಚನೆ ಬಂತು. ಮುರಿದ ಏಳಕ್ಕೆ ಕೈ ಹಾಕೋ ಮುಂಚೆ ಮಾವ ಹಾಕಿದ ಬಿಜಾಗರಿಯ ಒಂದು ಸ್ಕ್ರೂ ತೆಗೆದು ನೋಡೋಣ ಅಂತ. ಗೆರೆಯಲ್ಲಿ ತುಂಬಿದ್ದ ಪೇಂಟು ಕೆರೆದೆ, ಅಗಲವಾದ ತಿರುಪುಳಿ ಇಟ್ಟು ಮೈಭಾರ ಬಿಟ್ಟು ಒತ್ತಿ ತಿರುಗಿಸಿದೆ. ಒಂದು ಸಲ ಟಕ್ ಅಂತು, ಆಮೇಲೆ ಬೆಣ್ಣೆ ತರಹ ಬಂತು. ಮೂವತ್ತಮೂರು ವರ್ಷದ ಹಿಂದಿನ ಸ್ಕ್ರೂ, ಸುತ್ತಿನ ಸಂದಿಯಲ್ಲಿ ಮೇಣ ಇನ್ನೂ ಬೆಳ್ಳಗಿತ್ತು. ಅತ್ತೆ ಅದನ್ನ ಅಂಗೈ ಮೇಲೆ ಇಟ್ಟುಕೊಂಡು ಸುಮಾರು ಹೊತ್ತು ನೋಡಿದ್ರು. ಮತ್ತೆ ಅಲ್ಲೇ ಹಾಕು ಅಂದ್ರು. ಹಾಕಿದೆ.

ಮುರಿದ ಏಳರಲ್ಲಿ ಮಾವನದು ಒಂದೂ ಇಲ್ಲ. ನಾಲ್ಕು, ನನ್ನ ಮಗ ಕೂಸಾಗಿದ್ದಾಗ ಸೊಳ್ಳೆ ಪರದೆ ಬಾಗಿಲು ಹಾಕಿಸಿದ್ವಲ್ಲ, ಅದರವು. ಆ ಬಾಗಿಲು ಕಿತ್ತಾಗ ತಲೆ ಸವೆದು ಬಂದಿಲ್ಲ ಅಂತ ಮೀಟಿ ಮುರಿದಿದ್ದಾರೆ. ಒಂದು ತೋರಣ ಕಟ್ಟೋ ಕೊಕ್ಕೆ, ಅದು ನಾನೇ ಹಾಕಿದ್ದು, ನಾನೇ ಮುರಿದಿದ್ದು, ಯುಗಾದಿ ಹಿಂದಿನ ರಾತ್ರಿ ಹನ್ನೊಂದಕ್ಕೆ. ಇನ್ನೆರಡು ಈಚೆಗೆ ಕ್ಯಾಮೆರಾ ಹಾಕಿದಾಗಿನ ಕರೀ ಸ್ಕ್ರೂ. ಈ ಕರೀ ಸ್ಕ್ರೂ ಬಗ್ಗೆ ಒಂದು ಮಾತು ಕೇಳಿ. ಅದು ಜಿಪ್ಸಂ ಹಲಗೆಗೆ ಅಂತ ಮಾಡಿದ್ದು. ಕಾಯಿಸಿ ಗಟ್ಟಿ ಮಾಡಿರ್ತಾರೆ, ಅದಕ್ಕೇ ಚೂಪಾಗಿ ಸರ್ರನೆ ಹೋಗುತ್ತೆ. ಗಟ್ಟಿ ಆದಷ್ಟೂ ಬಾಗೋ ಗುಣ ಕಮ್ಮಿ, ಚಕ್ಕುಲಿ ತರಹ ಟಪ್ ಅಂತ ಮುರಿಯುತ್ತೆ. ಅಗ್ಗ ಅಂತ ಈಗಿನ ಬಡಗಿಗಳು ಎಲ್ಲದಕ್ಕೂ ಅದನ್ನೇ ಹಾಕ್ತಾರೆ. ಭಾರ ತಡೆಯೋ ಕಡೆ ಹಾಕಕ್ಕೆ ಬಿಡಬೇಡಿ.

ಮುರಿದಿದ್ದಕ್ಕೆ ಇನ್ನೊಂದು ಕಾರಣ ಮರದಲ್ಲೇ ಇತ್ತು. ಪುಟ್ಟಿ ಕೆರೆದಾಗ ಪ್ರತಿ ಸ್ಕ್ರೂ ಸುತ್ತ ಕಾಡಿಗೆ ಇಟ್ಟ ಹಾಗೆ ಕಪ್ಪು ಉಂಗುರ. ಕೊಳೆತಿದೆ ಅಂತ ಬಡಗಿ ಅಂದಿದ್ದ. ಕೊಳೆತಿರಲಿಲ್ಲ. ಕಬ್ಬಿಣದ ಈಳಿಗೆಯಲ್ಲಿ ನೆಲ್ಲಿಕಾಯಿ, ಬಾಳೆಕಾಯಿ ಹೆಚ್ಚಿದ್ರೆ ಕಪ್ಪಾಗುತ್ತಲ್ಲ, ಅದೇ ಇದು. ಒಗರು ಇರೋದು ಕಬ್ಬಿಣಕ್ಕೆ ತಾಕಿದ್ರೆ ಕಪ್ಪು. ಅಳಲೆಕಾಯಿ ನೀರಲ್ಲಿ ನೆನೆಸಿದ ಬಟ್ಟೆಗೆ ಕಬ್ಬಿಣ ಬೆಲ್ಲ ಕೊಳೆಸಿದ ನೀರು ಹಚ್ಚಿ ಕಲಂಕಾರಿಯವರು ಕಪ್ಪು ಬಣ್ಣ ತರೋದೂ ಹೀಗೇ. ಹೊನ್ನೆ ಮರದಲ್ಲಿ ಆ ಒಗರು ಯಥೇಚ್ಛ. ಸಕ್ಕರೆ ಕಾಯಿಲೆಯೋರು ಹೊನ್ನೆ ಲೋಟದಲ್ಲಿ ನೀರಿಟ್ಟು ಕುಡೀತಾರಲ್ಲ, ರಾತ್ರಿ ಕಳೆಯೋಷ್ಟರಲ್ಲಿ ನೀರು ಬಣ್ಣ ತಿರುಗಿರುತ್ತೆ. ನಾವು ದಿನಾ ಹೊಸ್ತಿಲು ತೊಳೆದ ನೀರು, ಮಳೆ ಎರಚಲು ಎಲ್ಲ ಸೇರಿ ಕಬ್ಬಿಣ ತುಕ್ಕಾಗಿದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಪಟ್ಟು ಜಾಸ್ತಿ ಜಾಗ ತಗೊಳ್ಳುತ್ತೆ, ಊದಿಕೊಂಡು ಮರವನ್ನೇ ಕಚ್ಚಿ ಹಿಡಿಯುತ್ತೆ. ಮಾವನ ಮೇಣ ತಡೆದಿದ್ದು ಈ ನೀರನ್ನೇ. ಮೇಣ ಇಲ್ಲ ಅಂತ ಸೋಪು ಉಜ್ಜೋರೂ ಇದ್ದಾರೆ. ಜಾರೋದೇನೋ ಜಾರುತ್ತೆ, ಆದ್ರೆ ಸೋಪು ತೇವ ಎಳ್ಕೊಳ್ಳುತ್ತೆ, ನನಗೆ ಸರಿಕಾಣಲ್ಲ.

ಸರಿ, ತೆಗೆದಿದ್ದು ಹೇಗೆ. ಪರದೆ ಬಾಗಿಲಿನ ನಾಲ್ಕರಲ್ಲಿ ಎರಡು ಚೂರೇ ಚೂರು ಹೊರಗೆ ಇಣುಕ್ತಿದ್ವು. ಸುತ್ತ ಚೂಪು ಉಳಿಯಿಂದ ಅಕ್ಕಿಕಾಳಿನಷ್ಟು ಮರ ಬಿಡಿಸಿ, ಬಿಗಿ ಹಿಡಿದು ಲಾಕ್ ಆಗೋ ಇಕ್ಕಳದಲ್ಲಿ ಕಚ್ಚಿಸಿ, ಓಲೆ ತಿರುಪಿನ ಲೆಕ್ಕದಲ್ಲೇ ಮೊದಲು ಬಲಕ್ಕೆ ಚೂರು, ಆಮೇಲೆ ಎಡಕ್ಕೆ. ಒಂದು ಬಂತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಮಗನ ಸಾಲ್ಡರಿಂಗ್ ಐರನ್ ಕಾಯಿಸಿ ಅದರ ತಲೆಗೆ ಐದು ನಿಮಿಷ ಒತ್ತಿ ಹಿಡಿದೆ. ಕಾದ ಕಬ್ಬಿಣ ಹಿಗ್ಗುತ್ತೆ, ಆರಿದಾಗ ಕುಗ್ಗುತ್ತೆ, ಆ ಹಿಗ್ಗಿ ಕುಗ್ಗೋದ್ರಲ್ಲಿ ತುಕ್ಕಿನ ಹಿಡಿತ ಬಿಡುತ್ತೆ. ಪೂರ್ತಿ ಆರಿದ ಮೇಲೆ ಇಕ್ಕಳ ಹಾಕಿದೆ, ಬಂತು. ಮನೆಯೆಲ್ಲ ಹೊನ್ನೆ ಸುಟ್ಟ ವಾಸನೆ, ಅತ್ತೆ ಹೋಮ ಆದಂಗಿದೆ ಅಂದ್ರು.

ತೋರಣದ ಕೊಕ್ಕೆ ಸ್ವಲ್ಪ ದಪ್ಪ. ಅದರ ಮುರಿದ ಮುಖಕ್ಕೆ ಸಣ್ಣ ಅರದಿಂದ ಅಡ್ಡ ಗೆರೆ ಕೊರೆದು ತಿರುಪುಳಿಯಲ್ಲೇ ತೆಗೆದೆ. ಅದಕ್ಕೆ ಒಂದು ಮಧ್ಯಾಹ್ನ.

ಉಳಿದ ನಾಲ್ಕು ಮರದ ಮಟ್ಟಕ್ಕಿಂತ ಒಳಗೆ. ಅಂಗಡಿಯವರು ಎಡಸುತ್ತಿನ ಬಿಟ್ ಕೊಡ್ತಾರೆ, ಮುರಿದ ಸ್ಕ್ರೂ ಮಧ್ಯಕ್ಕೆ ತೂತು ಕೊರೆದು ಎಡಕ್ಕೆ ತಿರುಗಿಸಿ ಎಳೆಯೋದು. ಅದು ದಪ್ಪ ಬೋಲ್ಟಿಗೆ ಸರಿ. ನಾಲ್ಕು ಮಿಲಿಮೀಟರ್ ಸ್ಕ್ರೂ ಮಧ್ಯಕ್ಕೆ ತೂತು ಕೊರೆಯೋದು ಸಾಸಿವೆ ಕಾಳಿಗೆ ಸೂಜಿ ಚುಚ್ಚಿದ ಹಾಗೆ. ಕರೀ ಸ್ಕ್ರೂ ಅಂತೂ ಬಿಟ್ಟಿನಷ್ಟೇ ಗಟ್ಟಿ. ನಾನೂರು ರೂಪಾಯಿ ಬಿಟ್ ಹಾಳು ಮಾಡ್ಕೊಂಡು ಇದನ್ನ ಕಲಿತೆ, ನೀವು ಕೊಳ್ಳಬೇಡಿ.

ಕೆಲಸಕ್ಕೆ ಬಂದಿದ್ದು ಟೊಳ್ಳು ಬಿಟ್. ಎಸ್‌ಜೆಪಿ ರೋಡಲ್ಲಿ ಎಂಟು ಮಿಲಿಮೀಟರ್ ದಪ್ಪದ, ಒಳಗೆ ಟೊಳ್ಳಿರೋ ಉಕ್ಕಿನ ಕೊಳವೆ ತಂದೆ. ತುದಿಗೆ ಅರದಿಂದ ನಾಲ್ಕೈದು ಹಲ್ಲು ಮಾಡಿದೆ. ಇದು ಸ್ಕ್ರೂನ ಕೊರೆಯಲ್ಲ, ಸುತ್ತಲಿನ ಮರ ಕೊರೆದು ಸ್ಕ್ರೂನ ಮಧ್ಯೆ ಬಿಡುತ್ತೆ, ಅನಾನಸ್ ಹಣ್ಣಿನ ನಡುದಿಂಡು ತೆಗೆದ ಹಾಗೆ. ಡ್ರಿಲ್ಲನ್ನ ಎಡಕ್ಕೆ ತಿರುಗೋ ಹಾಗೆ ಇಟ್ಟುಕೊಂಡ್ರೆ ಎಷ್ಟೋ ಸಲ ಹಲ್ಲಿಗೆ ಸಿಕ್ಕಿ ಸ್ಕ್ರೂ ತಾನೇ ಬಿಚ್ಕೊಂಡು ಬರುತ್ತೆ. ಕೊಳವೆಗೆ ನಡುವೆ ಮೂತಿ ಇಲ್ಲ, ಶುರುವಿನಲ್ಲಿ ಜಾರುತ್ತೆ. ಒಂದು ಪ್ಲೈವುಡ್ ತುಂಡಿಗೆ ಎಂಟು ಮಿಲಿಮೀಟರ್ ತೂತು ಮಾಡಿ, ಅದನ್ನ ಬಾಗಿಲುವಾಡಕ್ಕೆ ಒತ್ತಿ ಹಿಡಿದು, ಆ ತೂತಿನ ಮೂಲಕ ಕೊರೆಯಬೇಕು. ಹಿಡಿಯೋಕೆ ಇನ್ನೊಬ್ಬರು ಬೇಕು. ಅತ್ತೆ ವಾಕರ್ ಸಮೇತ ಬಂದು ಬಾಗಿಲ ಹತ್ತಿರ ಕುರ್ಚಿ ಹಾಕಿಸ್ಕೊಂಡು ಕೂತು ಪ್ಲೈವುಡ್ ಹಿಡಿದ್ರು. ಕಣ್ಣಿಗೆ ಧೂಳು ಬೀಳದ ಹಾಗೆ ಇಬ್ಬರೂ ಕನ್ನಡಕ. ಸ್ವಲ್ಪ ಕೊರೆದು, ಹೊರಗೆಳೆದು, ಪುಡಿ ಊದಿ, ಮತ್ತೆ ಕೊರೆದು. ಒಂದೇ ಸಮ ಒತ್ತಿದ್ರೆ ಹೊಗೆ ಬರುತ್ತೆ, ಹಲ್ಲು ಮೊಂಡಾಗುತ್ತೆ.

ಮೂರು ಬಂದ್ವು. ಕಪ್ಪು ಮರದ ಕವಚ ಸಮೇತ, ಪುಟ್ಟ ಸೌದೆ ತುಂಡಿನ ಹಾಗೆ. ನಾಲ್ಕನೇದು, ಮೇಲಿನ ಕರೀ ಸ್ಕ್ರೂ, ಬಿಟ್ಟುಬಿಟ್ಟೆ. ಹಿಡಿ ಬರೋ ಜಾಗಕ್ಕೆ ಅದು ಅಡ್ಡ ಇರಲಿಲ್ಲ. ಒಳಕ್ಕೆ ಇನ್ನೊಂದಿಷ್ಟು ಬಡಿದು ಮೇಲೆ ಪುಟ್ಟಿ ಹಚ್ಚಿದೆ. ಎಲ್ಲ ತೆಗೆದೇ ತೀರಬೇಕು ಅಂತ ಹೊರಟಿದ್ದೆ, ಅಷ್ಟು ಹೊತ್ತಿಗೆ ಆ ಹಠ ಇಳಿದಿತ್ತು.

ತೂತುಗಳಿಗೆ ಎಂಟು ಮಿಲಿಮೀಟರ್ ಮರದ ಗೂಟ, ಫೆವಿಕಾಲ್ ಹಚ್ಚಿ ಸುತ್ತಿಗೆಯಲ್ಲಿ ಬಡಿದೆ. ಒಂದು ರಾತ್ರಿ ಒಣಗಲಿ ಅಂತ ಬಿಟ್ಟೆ. ಗೂಟ ಬಡೀವಾಗ ಅಜ್ಜಿ ಮನೆ ಬಾಗಿಲು ನೆನಪಾಯ್ತು, ಇನ್ನೂರು ವರ್ಷದ ಉಕ್ಕಿನ ಕಥೆ ಎಲ್ಲ ಆಗಿ ಕಡೆಗೆ ತೂತು ಮುಚ್ಚಿದ್ದು ಮರದ ಗೂಟವೇ. ಒಂದು ಎಚ್ಚರ: ಗೂಟದ ನೆತ್ತಿಗೆ ಹಾಕಿದ ಸ್ಕ್ರೂಗೆ ಹಿಡಿತ ಕಮ್ಮಿ, ಎಳೆಗಳು ಉದ್ದಕ್ಕೆ ಸೀಳುತ್ತೆ. ಮೈಭಾರ ಬಿಡೋ ಹಿಡಿಯನ್ನ ಅದರ ಮೇಲೆ ನಂಬಬಾರದು. ಹಿಡಿಯ ತಟ್ಟೆಗೆ ಮೂರು ಮೂರು ತೂತು ಇರುತ್ತೆ, ತಟ್ಟೆ ತಿರುಗಿಸಿ ನೋಡಿ ಒಂದೂ ಗೂಟದ ಮೇಲೆ ಬರದ ಹಾಗೆ ಗುರುತು ಹಾಕ್ಕೊಂಡೆ. ಐದು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಕ್ರೂಗೆ ಮೂರೂವರೆ ಮಿಲಿಮೀಟರ್ ತೂತು, ಸ್ಕ್ರೂನಷ್ಟೇ ಆಳಕ್ಕೆ. ಮೆಷಿನ್ ಬಿಟ್ಟು ಕೈಯಲ್ಲೇ ತಿರುಗಿಸಿದೆ. ಮೇಣದ ಬತ್ತಿ ಹಿಡ್ಕೊಂಡಿದ್ದು ಅತ್ತೆ. ಆರು ಸ್ಕ್ರೂಗೂ ಅವರೇ ಉಜ್ಜಿ ಉಜ್ಜಿ ಕೊಟ್ಟರು.

ಮೊದಲು ನಾನು ಜೋತುಬಿದ್ದು ನೋಡಿದೆ. ನನ್ನ ತೂಕ ಇಲ್ಲಿ ಬರೆಯಲ್ಲ. ಹಿಡಿ ಅಲ್ಲಾಡಲಿಲ್ಲ.

ಮಾರನೇ ದಿನ ಶುಕ್ರವಾರ. ಬೆಳಗ್ಗೆ ಐದೂವರೆಗೆ ಬಚ್ಚಲ ಮನೇಲಿ ನೀರಿನ ಸದ್ದು. ಎದ್ದು ಬರೋಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ ಬಾಗಿಲ ಹತ್ತಿರ ನಿಂತಿದ್ರು. ಬಲಗೈಲಿ ಹಿಡಿ ಹಿಡಿದು, ಆಪರೇಷನ್ ಆಗದ ಕಾಲು ಮೊದಲು, ಆಮೇಲೆ ಇನ್ನೊಂದು. ನಾನು ಹಿಂದೆ ಕೈ ಚಾಚಿಕೊಂಡೇ ನಿಂತಿದ್ದೆ, ಮುಟ್ಟಲಿಲ್ಲ. ಬಗ್ಗಕ್ಕಂತೂ ಆಗಲ್ಲ, ಕುರ್ಚಿ ಹೊರಗೆ ಹಾಕಿಸ್ಕೊಂಡು ಕೂತು, ಅಲ್ಲಿಂದಲೇ ಕೈ ಚಾಚಿ ಹೊಸ್ತಿಲಿಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟರು. ಎಳೆ ಮಾತ್ರ ನನ್ನ ಕೈಲೇ ಬಿಡಿಸಿದ್ರು. ಎಡಗಡೆದು ಮತ್ತೆ ಸೊಟ್ಟಗಾಯ್ತಂತೆ.

ತೆಗೆದ ಆರು ಮುರುಕು ಎಸೆಯಕ್ಕೆ ಹೋಗಿದ್ದೆ. ಬೋರ್ನ್‌ವಿಟಾ ಡಬ್ಬಿಗೇ ಹಾಕು ಅಂದ್ರು.

ಟೊಳ್ಳು ಬಿಟ್ಟು, ತೂತಿನ ಪ್ಲೈವುಡ್ಡು ನಮ್ಮನೇಲೇ ಇದೆ. ಬೇಕಾದೋರು ಬಂದು ತಗೊಂಡೋಗಿ, ವಾಪಸ್ ತಂದ್ಕೊಡಿ. ಮೂರನೇ ಕ್ರಾಸ್ ಅಕ್ಕ, ನಿಮ್ಮ ಹತ್ತಿರ ನನ್ನ ಇಡ್ಲಿ ತಟ್ಟೆ ಇನ್ನೂ ಇದೆ.